ಕೊಟ್ಟಿಗೆಯ ಕ್ಯಾಮೆರಾ ಕತ್ತಲಾದರೆ ಆಫ್ ಆಗುತ್ತದೆ. ಹೊಸ ಸೆಟ್‌ಗೆ ಡಿವಿಆರ್ ಒಳ್ಳೆಯದಾ, ಪಿಒಇ ಒಳ್ಳೆಯದಾ?

ಸಾಗರದ_ತೋಟ

ಎಲ್ಲರಿಗೂ ನಮಸ್ಕಾರ. ಸಾಗರ ತಾಲ್ಲೂಕಿನ ಒಂದು ಹಳ್ಳಿ ನಮ್ಮದು. ಹಂಚಿನ ಮನೆ, ಮುಂದೆ ಅಡಿಕೆ ಒಣಗಿಸುವ ಅಂಗಳ, ಪಕ್ಕಕ್ಕೆ ಸ್ವಲ್ಪ ದೂರದಲ್ಲಿ ಕೊಟ್ಟಿಗೆ, ರಸ್ತೆ ಕಡೆ ಗೇಟು. ನಾಲ್ಕು ಚಾನೆಲ್ಲಿನ ಹಳೆಯ ಡಿವಿಆರ್‌ಗೆ (ಚಿತ್ರ ರೆಕಾರ್ಡ್ ಮಾಡುವ ಪೆಟ್ಟಿಗೆ) ಎರಡು ಕ್ಯಾಮೆರಾ ಹಾಕಿಸಿದ್ದೇವೆ. ಜಗುಲಿಯದು ಚೆನ್ನಾಗಿದೆ. ಕೊಟ್ಟಿಗೆ ಗೋಡೆಯದು ಹಗಲಿಡೀ ಸರಿ ಇರುತ್ತದೆ, ಕತ್ತಲಾಗುತ್ತಿದ್ದಂತೆ 'ವಿಡಿಯೋ ಲಾಸ್' ಅಂತ ಬರುತ್ತದೆ. ಕೆಲವು ಸೆಕೆಂಡು ಚಿತ್ರ ಬರುತ್ತದೆ, ಮತ್ತೆ ಹೋಗುತ್ತದೆ. ಬೆಳಗ್ಗೆ ಎದ್ದು ನೋಡಿದರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಇರುತ್ತದೆ. ಹಾಕಿದವರು ಕ್ಯಾಮೆರಾ ಹೋಗಿದೆ ಅಂದರು. ಬೇರೆ ಹಾಕಿದರೂ ಅದೇ ಕಥೆ.

ಅಡಿಕೆ ಕೊಯ್ಲು ಶುರುವಾಗುವ ಮುಂಚೆ ಆರು ಕ್ಯಾಮೆರಾದ ಹೊಸ ಸೆಟ್ ಹಾಕಿಸಬೇಕು: ಅಂಗಳಕ್ಕೆ ಎರಡು, ಜಗುಲಿ, ಹಿತ್ತಲು, ಕೊಟ್ಟಿಗೆ, ಗೇಟಿಗೆ ಒಂದೊಂದು. ಮಣ್ಣಿನ ದಪ್ಪ ಗೋಡೆ, ಹಾಗಾಗಿ ವೈಫೈ ಬೇಡವೇ ಬೇಡ. ಎರಡು ಕೊಟೇಶನ್ ಬಂದಿವೆ. ಒಂದು 5 ಮೆಗಾಪಿಕ್ಸೆಲ್ ಡಿವಿಆರ್ ಸೆಟ್, 3+1 ಕೇಬಲ್ (ಮೂರು ತಂತಿ, ಒಂದು ವಿಡಿಯೋ ಕೇಬಲ್ ಒಟ್ಟಿಗೆ ಇರುವುದು). ಇನ್ನೊಂದು ಎನ್‌ವಿಆರ್ (ನೆಟ್‌ವರ್ಕ್ ಕ್ಯಾಮೆರಾಗಳ ರೆಕಾರ್ಡರ್), ಪಿಒಇ ಸ್ವಿಚ್ (ಲ್ಯಾನ್ ಕೇಬಲ್ಲಿನಲ್ಲೇ ಕ್ಯಾಮೆರಾಗೆ ಕರೆಂಟೂ ಕೊಡುವುದು), ಕ್ಯಾಟ್ 6 ಲ್ಯಾನ್ ಕೇಬಲ್. ಎರಡನೆಯದಕ್ಕೆ ಹತ್ತಿರ ಹತ್ತಿರ ಒಂದೂವರೆ ಪಟ್ಟು ದುಡ್ಡು. ಮನೆಯಿಂದ ಕೊಟ್ಟಿಗೆಗೆ ಕೇಬಲ್ ದಾರಿ 60 ಮೀಟರ್, ಗೇಟಿಗೆ 130. ಯಾವುದು ತೆಗೆದುಕೊಳ್ಳಲಿ?

ವೈರಿಂಗ್_ದಾವಣಗೆರೆ

ಸರ್, ಹೊಸದು ಆಮೇಲೆ ನೋಡೋಣ. ಮೊದಲು ಹಳೆಯ ತೊಂದರೆ ಏನು ಅಂತ ಹಿಡಿಯಿರಿ. ಅದು ಗೊತ್ತಾಗದೆ ಹೊಸ ಸೆಟ್ ಹಾಕಿದರೆ ಅದೇ ತೊಂದರೆ ಹೊಸ ಬಾಕ್ಸಿನಲ್ಲಿ ಬರುತ್ತದೆ.

ಕತ್ತಲಾದಾಗ ಕ್ಯಾಮೆರಾದ ಐಆರ್ (ಕಣ್ಣಿಗೆ ಕಾಣದ ಬೆಳಕಿನ) ಎಲ್‌ಇಡಿ ಹತ್ತುತ್ತವೆ. ಆಗ ಅದು ಎಳೆಯುವ ಕರೆಂಟು ಹಗಲಿನ ಎರಡು ಪಟ್ಟು, ಕೆಲವದರಲ್ಲಿ ಇನ್ನೂ ಜಾಸ್ತಿ. ಕೇಬಲ್ ಉದ್ದ ಇದ್ದು ತಂತಿ ಸಣ್ಣ ಇದ್ದರೆ ವೋಲ್ಟೇಜು ದಾರಿಯಲ್ಲೇ ಬಿದ್ದುಹೋಗುತ್ತದೆ. ಕ್ಯಾಮೆರಾ ಆಫ್ ಆಗುತ್ತದೆ, ಎಲ್‌ಇಡಿ ಆರುತ್ತವೆ, ವೋಲ್ಟೇಜು ಮೇಲೆ ಬರುತ್ತದೆ, ಮತ್ತೆ ಆನ್, ಮತ್ತೆ ಆಫ್. ರಾತ್ರಿಯಿಡೀ ಇದೇ ಆಟ.

ಮಲ್ಟಿಮೀಟರ್ ಇದ್ದರೆ ಕ್ಯಾಮೆರಾ ತುದಿಯಲ್ಲಿ ಅಳೆಯಿರಿ. ಡಿವಿಆರ್ ಪಕ್ಕದಲ್ಲಿ ಅಲ್ಲ, ಕ್ಯಾಮೆರಾ ಬಿಚ್ಚಿಟ್ಟೂ ಅಲ್ಲ. ಲೋಡ್ ಇಲ್ಲದಿದ್ದರೆ ಯಾವಾಗಲೂ 12 ತೋರಿಸುತ್ತದೆ, ಅದನ್ನು ನೋಡಿಯೇ ಎಷ್ಟೋ ಜನ 'ಪವರ್ ಸರಿ ಇದೆ' ಅಂತ ಹೇಳಿ ಹೋಗುವುದು. ಕ್ಯಾಮೆರಾ ಓಡುತ್ತಿರುವಾಗ ಪ್ಲಸ್ ಮೈನಸ್ಸಿಗೆ ಮೀಟರ್ ಇಡಿ, ಇನ್ನೊಬ್ಬರು ಅದರ ಮುಖವನ್ನು ಪೂರ್ತಿ ಬಟ್ಟೆಯಲ್ಲಿ ಮುಚ್ಚಲಿ. ಹಗಲಲ್ಲೇ ರಾತ್ರಿ ಬರುತ್ತದೆ. ಹಾಗೇ ಅಲ್ಲಿಗೆ ಯಾವ ಕೇಬಲ್ ಎಳೆದಿದ್ದಾರೆ ಅಂತಲೂ ನೋಡಿ.

ಸಾಗರದ_ತೋಟ

ನೋಡಿದೆ. ಕೊಟ್ಟಿಗೆಗೆ ಎಳೆದಿರುವುದು 3+1 ಅಲ್ಲ, ಲ್ಯಾನ್ ಕೇಬಲ್. ಎರಡೂ ತುದಿಗೆ ಬಾಲನ್ (ವಿಡಿಯೋವನ್ನು ಲ್ಯಾನ್ ತಂತಿಗೆ ಹೊಂದಿಸುವ ಪುಟ್ಟ ಕನೆಕ್ಟರ್) ಹಾಕಿದ್ದಾರೆ, ಒಂದು ಜೋಡಿಯಲ್ಲಿ ವಿಡಿಯೋ, ಇನ್ನೊಂದರಲ್ಲಿ 12 ವೋಲ್ಟ್. ಅಡಾಪ್ಟರ್ ಮನೆಯಲ್ಲಿದೆ, ಅಲ್ಲಿ 12 ಇದೆ. ಕೊಟ್ಟಿಗೆಯಲ್ಲಿ ಹಗಲು 9.6. ಬಟ್ಟೆ ಮುಚ್ಚಿದ ತಕ್ಷಣ 7ರ ಹತ್ತಿರ ಇಳಿದು ಚಿತ್ರ ಹೋಯಿತು. ಬ್ಲೇಡಿನಲ್ಲಿ ತಂತಿ ಕೆರೆದರೆ ಒಳಗೆ ಬೆಳ್ಳಗಿದೆ.

ವೈರಿಂಗ್_ದಾವಣಗೆರೆ

ಸಿಕ್ಕಿತು ನೋಡಿ. ಬೆಳ್ಳಗಿದ್ದರೆ ಅದು ಸಿಸಿಎ, ಅಂದರೆ ಅಲ್ಯೂಮಿನಿಯಂ ತಂತಿಗೆ ಮೇಲೆ ತಾಮ್ರದ ಲೇಪ. ಇದರ ರೆಸಿಸ್ಟೆನ್ಸ್ ಅಪ್ಪಟ ತಾಮ್ರದ ಒಂದೂವರೆ ಪಟ್ಟಿಗಿಂತಲೂ ಜಾಸ್ತಿ. ಲೆಕ್ಕ ಹಾಕಿ: 60 ಮೀಟರ್ ಹೋಗಿ 60 ಮೀಟರ್ ಬರಬೇಕು, ಒಟ್ಟು 120 ಮೀಟರ್ ತಂತಿ. ಲ್ಯಾನ್ ಕೇಬಲ್ಲಿನ ಎಳೆ ಅಪ್ಪಟ ತಾಮ್ರವಾಗಿದ್ದರೂ ಅಷ್ಟಕ್ಕೆ 10 ಓಮ್ ಆಗುತ್ತದೆ, ಸಿಸಿಎ ಆದರೆ 16ರ ಆಸುಪಾಸು. ರಾತ್ರಿ 0.3 ಆಂಪ್ ಎಳೆದರೆ ಹತ್ತಿರ 5 ವೋಲ್ಟ್ ದಾರಿಯಲ್ಲೇ ಹೋಯಿತು. ಉಳಿದದ್ದು 7. ನಿಮ್ಮ ಮೀಟರ್ ಹೇಳಿದ್ದೂ ಅದನ್ನೇ.

ಸದ್ಯಕ್ಕೆ ಕೊಟ್ಟಿಗೆಯಲ್ಲಿ ಪ್ಲಗ್ ಪಾಯಿಂಟ್ ಇದ್ದರೆ ಅಡಾಪ್ಟರನ್ನು ಅಲ್ಲಿಗೇ ತಂದು ಒಂದು ಪ್ಲಾಸ್ಟಿಕ್ ಡಬ್ಬಿಯೊಳಗೆ ಇಡಿ. ವಿಡಿಯೋಗೆ ಆ ಕೇಬಲ್ಲೇ ಇರಲಿ. ದನಗಳ ಬಾಯಿಗೆ, ಗೊಬ್ಬರದ ತೇವಕ್ಕೆ ಸಿಗದ ಹಾಗೆ ಎತ್ತರದಲ್ಲಿರಲಿ ಅಷ್ಟೇ.

ಪುತ್ತೂರು_ನೆಟ್‌ವರ್ಕ್

ಇದೇ ಕಾರಣಕ್ಕೆ ನಾನು ಪಿಒಇ ಅನ್ನುವುದು ಮಾರಾಯ್ರೆ. ಅಲ್ಲಿ ಕೇಬಲ್ಲಿನಲ್ಲಿ ಹೋಗುವುದು 12 ಅಲ್ಲ, 48 ವೋಲ್ಟಿನ ಸುತ್ತಮುತ್ತ. ವೋಲ್ಟೇಜು ನಾಲ್ಕು ಪಟ್ಟಾದರೆ ಅಷ್ಟೇ ವ್ಯಾಟಿಗೆ ಕರೆಂಟು ಕಾಲು ಭಾಗ ಸಾಕು. ಜೊತೆಗೆ ಹೋಗಲು ಒಂದು ಜೋಡಿ, ಬರಲು ಒಂದು ಜೋಡಿ ಸಿಗುತ್ತದೆ. 6 ವ್ಯಾಟಿನ ಕ್ಯಾಮೆರಾಗೆ 60 ಮೀಟರ್ ತಾಮ್ರದಲ್ಲಿ ಒಂದು ವೋಲ್ಟೂ ಬೀಳುವುದಿಲ್ಲ. 802.3ಎಎಫ್ ಅನ್ನುವ ಸ್ಟ್ಯಾಂಡರ್ಡ್ 2003ರಿಂದಲೂ ಇದೆ: ಪೋರ್ಟಿನಲ್ಲಿ 15.4 ವ್ಯಾಟ್ ಕೊಟ್ಟರೆ 100 ಮೀಟರ್ ದೂರದಲ್ಲಿ 12.95 ಸಿಗಬೇಕು ಅಂತ ಲೆಕ್ಕ. ತಿರುಗದ ಸಾಮಾನ್ಯ ಕ್ಯಾಮೆರಾಗೆ ಧಾರಾಳ ಸಾಕು.

ಸ್ವಿಚ್ ತೆಗೆದುಕೊಳ್ಳುವಾಗ ಡಬ್ಬಿಯ ಮೇಲೆ ಎಎಫ್ ಅಥವಾ ಅದಕ್ಕಿಂತ ಹೆಚ್ಚು ವ್ಯಾಟಿನ ಎಟಿ ಅಂತ ಇದೆಯಾ ನೋಡಿ. ಸುಮ್ನೆ 'ಪಿಒಇ' ಅಂತ ಬರೆದು ಪ್ಯಾಸಿವ್ ಮಾಲು ಕೊಡುವವರಿದ್ದಾರೆ. ಅದು ಎದುರಿಗೆ ಏನಿದೆ ಅಂತ ಕೇಳುವುದಿಲ್ಲ, ನೇರ ಕರೆಂಟು ಬಿಡುತ್ತದೆ. ಲ್ಯಾಪ್‌ಟಾಪಿಗೆ ಚುಚ್ಚಿದರೆ ಅದರ ಕಥೆ ಮುಗಿಯಿತು.

ವೈರಿಂಗ್_ದಾವಣಗೆರೆ

ಒಪ್ಪಿದೆ ಅಣ್ಣ, ಆದರೆ ಡಿವಿಆರ್ ಸತ್ತುಹೋಗಿದೆ ಅನ್ನಬೇಡಿ. ಒಳ್ಳೆಯ ಕೋಆಕ್ಸ್‌ನಲ್ಲಿ (ಟಿವಿ ಕೇಬಲ್ ತರಹದ ವಿಡಿಯೋ ಕೇಬಲ್) ಚಿತ್ರ 100 ಮೀಟರ್ ದಾಟಿಯೂ ಆರಾಮಾಗಿ ಹೋಗುತ್ತದೆ. ಕ್ಯಾಟ್ 6ಗೆ 100 ಮೀಟರ್ ಅಂದರೆ ಗಡಿ. ಗೋಡೆಯೊಳಗೆ ಆಗಲೇ ಒಳ್ಳೆಯ ಕೋಆಕ್ಸ್ ಇರುವ ಮನೆಗೆ ನಾನು ಇವತ್ತಿಗೂ ಡಿವಿಆರ್ ಹಾಕುತ್ತೇನೆ. ಹಳ್ಳಿಯಲ್ಲಿ ಕೆಟ್ಟರೆ ಕೋಆಕ್ಸಿನ ತುದಿಗೆ ಬಿಎನ್‌ಸಿ ಪಿನ್ ಹಾಕಿಕೊಡುವ ಹುಡುಗ ಸಿಗುತ್ತಾನೆ, ಐಪಿ ಅಡ್ರೆಸ್ ಗೊತ್ತಿರುವ ಹುಡುಗ ಸಿಗಲ್ಲ.

ಇವರ ಮನೆಯಲ್ಲಿ ಹೊಸ ಕೇಬಲ್ಲೇ ಎಳೆಯಬೇಕು, ಆರು ಕ್ಯಾಮೆರಾ ಬೇರೆ. ಹಾಗಾಗಿ ಇಲ್ಲಿ ನನ್ನ ಓಟೂ ಪಿಒಇಗೇ. ಕೊಟೇಶನ್ನಿನಲ್ಲಿ ಬರೀ 'ಕ್ಯಾಟ್ 6' ಅಂತಿದ್ದರೆ 'ಅಪ್ಪಟ ತಾಮ್ರ' ಅಂತ ಬರೆಸಿಕೊಳ್ಳಿ. ಆ ಒಂದೂವರೆ ಪಟ್ಟು ದುಡ್ಡು ಕೊಟ್ಟು ಮತ್ತೆ ಸಿಸಿಎ ಎಳೆಸಿಕೊಂಡರೆ ಏನು ಬಂತು?

ಸಾಗರದ_ತೋಟ

ಅಡಾಪ್ಟರ್ ಕೊಟ್ಟಿಗೆಗೆ ಸಾಗಿಸಿದೆ, ನಿನ್ನೆ ರಾತ್ರಿ ಕ್ಯಾಮೆರಾ ಒಮ್ಮೆಯೂ ಹೋಗಲಿಲ್ಲ. ತುಂಬಾ ಥ್ಯಾಂಕ್ಸ್. ಪಿಒಇ ಅಂತಲೇ ಇಟ್ಟುಕೊಳ್ಳೋಣ. ಗೇಟಿನ 130 ಮೀಟರಿಗೆ ಏನು ದಾರಿ? ಗೇಟಿನ ಕಂಬದಲ್ಲಿ ಲೈಟ್ ಇದೆ, ಕರೆಂಟು ಸಿಗುತ್ತದೆ. ಇನ್ನೊಂದು, ನಮ್ಮಲ್ಲಿ ಏಪ್ರಿಲ್, ಮೇ ಗುಡುಗಿಗೆ ಟಿವಿ, ಮೋಡೆಮ್ ಎಲ್ಲ ಹೋಗುತ್ತವೆ.

ಪುತ್ತೂರು_ನೆಟ್‌ವರ್ಕ್

ಗುಡುಗಿನ ವಿಷಯ ಹೇಳಿದ್ದು ಒಳ್ಳೆಯದಾಯಿತು. ಇಲ್ಲದಿದ್ದರೆ 'ಎಕ್ಸ್‌ಟೆಂಡ್ ಮೋಡ್ ಇರುವ ಸ್ವಿಚ್ ತೆಗೆದುಕೊಳ್ಳಿ' ಅಂತ ಹೇಳಿ ಮುಗಿಸುತ್ತಿದ್ದೆ. ಆ ಮೋಡ್ ಹಾಕಿದರೆ ವೇಗ 10 ಎಂಬಿಪಿಎಸ್‌ಗೆ ಇಳಿಯುತ್ತದೆ, ದೂರ 250 ಮೀಟರ್ ತನಕ ಅನ್ನುತ್ತಾರೆ. ಒಂದು ಕ್ಯಾಮೆರಾಗೆ 4 ಎಂಬಿಪಿಎಸ್ ಸಾಕು, ಹಾಗಾಗಿ ಕೆಲಸವೇನೋ ನಡೆಯುತ್ತದೆ.

ಆದರೆ ಬಯಲಿನಲ್ಲಿ 130 ಮೀಟರ್ ತಾಮ್ರ ಎಳೆದು ತಂದು ಸ್ವಿಚ್ಚಿಗೆ ಚುಚ್ಚುವುದು ಅಂದರೆ ಸಿಡಿಲಿಗೆ ದಾರಿ ಮಾಡಿಕೊಟ್ಟ ಹಾಗೆ. ನೇರ ಹೊಡೆಯಬೇಕಂತಲೂ ಇಲ್ಲ. ಹತ್ತಿರದಲ್ಲಿ ಎಲ್ಲೋ ಬಿದ್ದರೂ ಉದ್ದದ ತಂತಿಯಲ್ಲಿ ವೋಲ್ಟೇಜು ಹುಟ್ಟುತ್ತದೆ. ಮೊದಲು ಪೋರ್ಟ್ ಹೋಗುತ್ತದೆ, ಗ್ರಹಚಾರ ಕೆಟ್ಟಿದ್ದರೆ ಸ್ವಿಚ್, ಎನ್‌ವಿಆರ್ ಎಲ್ಲ ಒಟ್ಟಿಗೆ. ಗೇಟಿಗೆ ಫೈಬರ್ ಎಳೆಯಿರಿ. ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ, ದೂರದ ಚಿಂತೆಯೂ ಇಲ್ಲ. ಎರಡು ತುದಿಗೆ ಎರಡು ಮೀಡಿಯಾ ಕನ್ವರ್ಟರ್ (ಫೈಬರನ್ನು ಲ್ಯಾನ್‌ಗೆ ಜೋಡಿಸುವುದು), ಗೇಟಿನ ಕಡೆ ಒಂದು ಪಿಒಇ ಇಂಜೆಕ್ಟರ್ (ಲ್ಯಾನ್ ಕೇಬಲ್ಲಿಗೆ ಕರೆಂಟು ಸೇರಿಸುವುದು). ಜಾಯಿಂಟ್ ಮಾಡಲು ನಿಮ್ಮೂರಿಗೆ ಫೈಬರ್ ಇಂಟರ್ನೆಟ್ ಹಾಕುವ ಹುಡುಗನನ್ನೇ ಕರೆಯಿರಿ, ಮೆಶಿನ್ ಅವನ ಹತ್ತಿರ ಇರುತ್ತದೆ.

ಒಂದು ಮುಖ್ಯ ವಿಷಯ. ಮನೆಗೆ ಇಂಟರ್ನೆಟ್ ಕೊಡುವ ಚಪ್ಪಟೆ ಫೈಬರ್ ಕೇಬಲ್ಲಿನಲ್ಲಿ ಎಷ್ಟೋ ಸಲ ಎಳೆತ ತಡೆಯಲು ಉಕ್ಕಿನ ತಂತಿ ಇರುತ್ತದೆ. ಅದನ್ನು ಹಾಕಿದರೆ ಮತ್ತೆ ಲೋಹವೇ ಎಳೆದ ಹಾಗಾಯಿತು. ಉಕ್ಕಿಲ್ಲದ, ಎಫ್‌ಆರ್‌ಪಿ (ನಾರು ಸೇರಿಸಿದ ಪ್ಲಾಸ್ಟಿಕ್) ಕಡ್ಡಿ ಇರುವ ಕೇಬಲ್ ಕೇಳಿ. ಕೊಟ್ಟಿಗೆಯ 60 ಮೀಟರಿಗೆ ತಾಮ್ರವೇ ಸಾಕು. ಸ್ವಿಚ್ಚಿನ ಕಡೆ ಸರ್ಜ್ ಪ್ರೊಟೆಕ್ಟರ್ ಹಾಕಿ, ಅದಕ್ಕೆ ನಿಜವಾದ ಅರ್ಥಿಂಗ್ ಕೊಡಿ. ಅರ್ಥಿಂಗ್ ಇಲ್ಲದ ಸರ್ಜ್ ಪ್ರೊಟೆಕ್ಟರ್ ಬರೀ ಅಲಂಕಾರ.

ಮಲ್ಲೇಶ್ವರಂ_ಮಹಡಿ

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ರೆಕಾರ್ಡಿಂಗನ್ನು 30 ದಿನ ಇಟ್ಟುಕೊಳ್ಳಲೇಬೇಕು ಅಂತ ಕಾನೂನು ಇದೆಯಂತಲ್ಲ, ಮನೆಗೂ ಅದೇನಾ? ಅಷ್ಟಕ್ಕೆ ಎಷ್ಟು ದೊಡ್ಡ ಹಾರ್ಡ್‌ಡಿಸ್ಕ್ ಬೇಕು?

ಪುತ್ತೂರು_ನೆಟ್‌ವರ್ಕ್

ಮನೆಗಲ್ಲ. ಕರ್ನಾಟಕದ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಜಾಸ್ತಿ ಜನ ಸೇರುವ ಮಾಲ್, ಆಸ್ಪತ್ರೆಯಂಥ ಕಡೆಗಳಿಗೆ 30 ದಿನ ಅನ್ನುತ್ತದೆ. ಮನೆಯಲ್ಲಿ ನಿಮ್ಮಿಷ್ಟ.

ಡಿಸ್ಕಿನ ಲೆಕ್ಕ ಸುಲಭ. 4 ಎಂಬಿಪಿಎಸ್ ಕ್ಯಾಮೆರಾ ಒಂದು ದಿನಕ್ಕೆ 43 ಜಿಬಿ ತಿನ್ನುತ್ತದೆ. ಆರು ಕ್ಯಾಮೆರಾಗೆ ಸುಮಾರು 260 ಜಿಬಿ, 2 ಟಿಬಿ ಡಿಸ್ಕ್ ಒಂದು ವಾರಕ್ಕೆ ತುಂಬುತ್ತದೆ. ಎಚ್.265 (ವಿಡಿಯೋವನ್ನು ಹೆಚ್ಚು ಕುಗ್ಗಿಸುವ ವಿಧಾನ) ಹಾಕಿ 2 ಎಂಬಿಪಿಎಸ್‌ಗೆ ಇಳಿಸಿದರೆ ಅದೇ ಡಿಸ್ಕಿಗೆ ಹದಿನೈದು ದಿನ, 4 ಟಿಬಿಗೆ ಒಂದು ತಿಂಗಳು. ಹಳೆಯ ಕಂಪ್ಯೂಟರಿನ ಡಿಸ್ಕ್ ಹಾಕಬೇಡಿ. ಡಬ್ಲ್ಯೂಡಿ ಪರ್ಪಲ್, ಸೀಗೇಟ್ ಸ್ಕೈಹಾಕ್ ತರಹದವು ಹಗಲೂ ರಾತ್ರಿ ಬರೆಯುವುದಕ್ಕೇ ಮಾಡಿದವು.

ಸಾಗರದ_ತೋಟ

ಇನ್ನೆರಡು ಅನುಮಾನ. ಗೇಟಿನಲ್ಲಿ ಬಂದವರ ಮುಖ, ಗಾಡಿ ನಂಬರು ಕಾಣಬೇಕು. ಅಂಗಡಿಯವರು ಎಲ್ಲದಕ್ಕೂ 2.8 ಎಂಎಂ ಲೆನ್ಸ್ ಬರೆದಿದ್ದಾರೆ, 8 ಮೆಗಾಪಿಕ್ಸೆಲ್ ಹಾಕಿದರೆ ಎಲ್ಲ ಕಾಣುತ್ತದೆ ಅನ್ನುತ್ತಾರೆ. ಮತ್ತೆ ಇನ್ವರ್ಟರ್ ತಡೆಯುತ್ತದಾ? 150 ಎಎಚ್‌ನ ಒಂದು ಬ್ಯಾಟರಿ ಇದೆ.

ಪುತ್ತೂರು_ನೆಟ್‌ವರ್ಕ್

ಮೆಗಾಪಿಕ್ಸೆಲ್ ಹಿಂದೆ ಹೋಗಬೇಡಿ, ಲೆನ್ಸ್ ನೋಡಿ. 2.8 ಎಂಎಂ ಸುಮಾರು 100 ಡಿಗ್ರಿ ಅಗಲ ನೋಡುತ್ತದೆ. 10 ಮೀಟರ್ ದೂರದಲ್ಲಿ ಅದರ ಚೌಕಟ್ಟಿಗೆ 24 ಮೀಟರ್ ಅಗಲ ಬೀಳುತ್ತದೆ. 4 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ 2560 ಪಿಕ್ಸೆಲ್ ಅಗಲ, ಅಂದರೆ ಮೀಟರಿಗೆ ನೂರು ಚಿಲ್ಲರೆ ಪಿಕ್ಸೆಲ್. ಅಪರಿಚಿತರ ಗುರುತು ಹಿಡಿಯಲು ಮೀಟರಿಗೆ 250 ಬೇಕು, ಗೊತ್ತಿರುವ ಮುಖವಾದರೆ 125 ಸಾಕು ಅಂತ ಸಿಸಿಟಿವಿಯ ಅಂತರರಾಷ್ಟ್ರೀಯ ಮಾನದಂಡ ಐಇಸಿ 62676-4ರ 2014ರ ಆವೃತ್ತಿ ಹೇಳುತ್ತದೆ. ಅದೇ ಕ್ಯಾಮೆರಾಗೆ 6 ಎಂಎಂ ಲೆನ್ಸ್ ಇದ್ದರೆ ಮೀಟರಿಗೆ 270ರ ಹತ್ತಿರ ಬರುತ್ತದೆ. ಗೇಟಿಗೆ 4 ಮೆಗಾಪಿಕ್ಸೆಲ್, 6 ಎಂಎಂ. ಅಂಗಳಕ್ಕೆ 2.8 ಸರಿ, ಅಲ್ಲಿ ಯಾರು ಯಾವ ಕಡೆಯಿಂದ ಬಂದರು ಅಂತ ಗೊತ್ತಾದರೆ ಆಯಿತು. 8 ಮೆಗಾಪಿಕ್ಸೆಲ್ಲಿನವು ಕತ್ತಲಲ್ಲಿ ಸಾಮಾನ್ಯವಾಗಿ 4ಕ್ಕಿಂತ ಮಂಕು. ಅಡಿಕೆ ಕಳ್ಳ ಹಗಲು ಬರುವುದಿಲ್ಲ, ಅಲ್ವಾ?

ರಾತ್ರಿ ನಂಬರ್ ಪ್ಲೇಟ್ ಮಾತ್ರ ನೆಚ್ಚಬೇಡಿ. ಹೆಡ್‌ಲೈಟ್ ನೇರ ಬಿದ್ದರೆ ಬರೀ ಬೆಳಕೇ ಕಾಣುವುದು.

ಕ್ಯಾಮೆರಾ ಆರು, ತಲಾ 6 ವ್ಯಾಟ್. ಎನ್‌ವಿಆರ್, ಡಿಸ್ಕ್, ರೂಟರ್ ಎಲ್ಲ ಸೇರಿ ಒಟ್ಟು 60 ವ್ಯಾಟ್ ಅಂತ ಇಟ್ಟುಕೊಳ್ಳಿ. ಬ್ಯಾಟರಿ ಹೊಸದಿದ್ದು, ಲೈಟು ಫ್ಯಾನು ಹಾಕದಿದ್ದರೆ 15 ಗಂಟೆ ಬರಬೇಕು. ಇನ್ವರ್ಟರಿನಲ್ಲಿ ಯುಪಿಎಸ್ ಮೋಡ್ ಸ್ವಿಚ್ ಇದ್ದರೆ ಅದಕ್ಕೆ ಹಾಕಿ, ಇಲ್ಲದಿದ್ದರೆ ಕರೆಂಟು ಹೋದಾಗಲೆಲ್ಲ ಎನ್‌ವಿಆರ್ ರೀಸ್ಟಾರ್ಟ್ ಆಗಬಹುದು. ಗೇಟಿನ ಲೈಟ್ ಇನ್ವರ್ಟರ್ ಲೈನಿನಲ್ಲಿದೆಯಾ ಅಂತಲೂ ನೋಡಿ.

ವೈರಿಂಗ್_ದಾವಣಗೆರೆ

ಮಲೆನಾಡಿನ ಮಳೆಗೆ ಒಂದು ಮಾತು. ಕ್ಯಾಮೆರಾ ಒದ್ದೆಯಾಗಿ ಕೆಡುವುದು ಕಡಿಮೆ, ಅದರ ಬಾಲದಲ್ಲಿರುವ ಲ್ಯಾನ್ ಪಿನ್ ಕೆಡುವುದೇ ಜಾಸ್ತಿ. 48 ವೋಲ್ಟ್ ಇರುವ ಪಿನ್ನಿಗೆ ನೀರು ತಾಗಿದರೆ ಹಸಿರುಗಟ್ಟಿ ಹೋಗುತ್ತದೆ. ಕ್ಯಾಮೆರಾ ಜೊತೆ ಬರುವ ವಾಟರ್‌ಪ್ರೂಫ್ ಕ್ಯಾಪನ್ನು ಎಷ್ಟೋ ಜನ ಡಬ್ಬಿಯಲ್ಲೇ ಬಿಟ್ಟು ಹೋಗುತ್ತಾರೆ, ಕೇಳಿ ಹಾಕಿಸಿ. ಗೋಡೆಯೊಳಗೆ ಹೋಗುವ ಮುಂಚೆ ಕೇಬಲ್ ಕೆಳಕ್ಕೆ ಬಾಗಿ ಮೇಲೆ ಹೋಗಲಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಮಾಡಿನ ಅಂಚಿಗೆ, ಬಿಳಿ ಗೋಡೆಗೆ ತೀರಾ ಒತ್ತಿ ಹಾಕಬೇಡಿ. ಐಆರ್ ಬೆಳಕು ಅಲ್ಲಿಂದ ವಾಪಸ್ ಬಂದು ಚಿತ್ರಕ್ಕೆ ಮಂಜು ಕವಿಯುತ್ತದೆ. ಬೆಳಕಿಗೆ ಹುಳ ಬರುತ್ತವೆ, ಹುಳಕ್ಕೆ ಜೇಡ ಬರುತ್ತದೆ, ಬಲೆ ಅಲ್ಲಾಡಿದಾಗಲೆಲ್ಲ ಮೊಬೈಲಿಗೆ ಅಲರ್ಟ್. ಅಂಗಳದ ಎರಡರಲ್ಲಿ ಐಆರ್ ಆಫ್ ಮಾಡಿ, ಸ್ವಲ್ಪ ದೂರದಲ್ಲಿ ಒಂದು ಎಲ್‌ಇಡಿ ಬಲ್ಬ್ ರಾತ್ರಿಯಿಡೀ ಉರಿಸಿ. ಬಣ್ಣದ ಚಿತ್ರವೂ ಸಿಗುತ್ತದೆ.

ಪುತ್ತೂರು_ನೆಟ್‌ವರ್ಕ್

ಕ್ಯಾಮೆರಾ ಕೊಳ್ಳುವಾಗ ಎಸ್‌ಟಿಕ್ಯೂಸಿ (ಕೇಂದ್ರ ಸರ್ಕಾರದ ಪರೀಕ್ಷಾ ಸಂಸ್ಥೆ) ಪರೀಕ್ಷೆ ಆದದ್ದಾ ಅಂತ ಕೇಳಿ. ಸಿಸಿಟಿವಿಗೆ ಕೇಂದ್ರದ ಭದ್ರತಾ ನಿಯಮ 2025ರ ಏಪ್ರಿಲ್ 9ರಿಂದ ಜಾರಿಯಲ್ಲಿದೆ. ಹಳೆಯ ಸ್ಟಾಕ್ ಅಂತ ಕಡಿಮೆಗೆ ಕೊಟ್ಟರೆ ಯಾಕೆ ಕಡಿಮೆ ಅಂತ ಯೋಚಿಸಿ. ಪಾಸ್‌ವರ್ಡ್ ನೀವೇ ಹಾಕಿ, ಹಾಕಿದವರ ಹತ್ತಿರ ಬಿಡಬೇಡಿ. 2016ರಲ್ಲಿ ಮಿರಾಯ್ ಅನ್ನುವ ವೈರಸ್ ಕಂಪನಿ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ಡಿವಿಆರ್‌ಗಳನ್ನೇ ಲಕ್ಷಗಟ್ಟಲೆ ಹಿಡಿದಿತ್ತು. ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ (ಇಂಟರ್ನೆಟ್ಟಿನಿಂದ ಎನ್‌ವಿಆರ್‌ಗೆ ನೇರ ದಾರಿ ತೆರೆಯುವುದು) ಮಾಡುತ್ತೇನೆ ಅಂದರೆ ಬೇಡ ಅನ್ನಿ.

ಸಾಗರದ_ತೋಟ

ಕೊಟೇಶನ್ ತಿದ್ದಿಸಿದೆ: 8 ಪೋರ್ಟಿನ ಎಎಫ್ ಸ್ವಿಚ್, ಅಪ್ಪಟ ತಾಮ್ರದ ಕ್ಯಾಟ್ 6, ಗೇಟಿಗೆ ಉಕ್ಕಿಲ್ಲದ ಫೈಬರ್ ಮತ್ತು 6 ಎಂಎಂ, ಉಳಿದದ್ದಕ್ಕೆ 2.8, ಡಿಸ್ಕ್ 4 ಟಿಬಿ. 8 ಮೆಗಾಪಿಕ್ಸೆಲ್ ಬಿಟ್ಟಿದ್ದರಿಂದ ಫೈಬರಿನ ಖರ್ಚು ಹೆಚ್ಚುಕಮ್ಮಿ ಸರಿಹೋಯಿತು. ಗೇಟಿನ ಲೈಟ್ ಇನ್ವರ್ಟರ್ ಲೈನಿನಲ್ಲಿಲ್ಲ, ಅದಕ್ಕೆ ಬೇರೆ ವೈರ್ ಎಳೆಸಬೇಕಾ?

ವೈರಿಂಗ್_ದಾವಣಗೆರೆ

ಬೇಡ ಸರ್. ಮತ್ತೆ 130 ಮೀಟರ್ ತಾಮ್ರ ಎಳೆದರೆ ಫೈಬರ್ ಹಾಕಿದ್ದೇ ದಂಡ. ರೂಟರಿಗೆ ಹಾಕುವ 12 ವೋಲ್ಟಿನ ಮಿನಿ ಯುಪಿಎಸ್ ಸಿಗುತ್ತದೆ. 12 ವೋಲ್ಟಿನಲ್ಲೇ ಓಡುವ ಕನ್ವರ್ಟರ್ ತೆಗೆದುಕೊಂಡು, ಅದನ್ನೂ ಕ್ಯಾಮೆರಾವನ್ನೂ ಆ ಯುಪಿಎಸ್‌ಗೇ ಕೊಡಿ, ಇಂಜೆಕ್ಟರೂ ಬೇಕಾಗಿಲ್ಲ. ಒಂದೇ ಮೀಟರ್ ವೈರ್, ವೋಲ್ಟೇಜು ಬೀಳುವ ಪ್ರಶ್ನೆಯೇ ಇಲ್ಲ. ಮಿನಿ ಯುಪಿಎಸ್ ಎಷ್ಟು ಆಂಪ್ ಕೊಡುತ್ತದೆ ಅಂತ ನೋಡಿಕೊಳ್ಳಿ, 2 ಆಂಪಿಗಿಂತ ಕಮ್ಮಿ ಬೇಡ.