ಡಿಸಪಿಯರ್‌ಗೆ ಎಸ್ ಒಂದು, ಡಿಸ್‌ಸ್ಯಾಟಿಸ್ಫೈಡ್‌ಗೆ ಎರಡು. ಯಾಕೆ?

ಪ್ರಶ್ನೆ:
ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷಿನ ಪ್ರಿಫಿಕ್ಸ್ (ಪದದ ತಲೆಗೆ ಅಂಟೋ ತುಂಡು) ಪಾಠ ಮಾಡಬೇಕು. ಡಿಸಪಿಯರ್‌ಗೆ ಎರಡು ಎಸ್ ಹಾಕ್ತಾರೆ, ಮಿಸ್‌ಸ್ಪೆಲ್‌ಗೆ ಒಂದೇ ಹಾಕ್ತಾರೆ. ಅನ್‌ನೆಸೆಸರಿಯಂತೂ ಕೇಳೋದೇ ಬೇಡ. ಬಾಯಿಪಾಠ ಬಿಟ್ಟು ಬೇರೆ ದಾರಿ ಇದೆಯಾ?

ಉತ್ತರ 1:
ಇದೆ. ಪದ ಬಿಡಿಸಿ ಬರೆಸಿ, ನಡುವೆ ಅಡ್ಡಗೆರೆ ಎಳೆಸಿ. ಪ್ರಿಫಿಕ್ಸ್ ಸೇರಿದಾಗ ಮೂಲಪದದ ಅಕ್ಷರ ಬೀಳೋದಿಲ್ಲ, ಹೊಸದು ಹುಟ್ಟೋದೂ ಇಲ್ಲ. ಡಿಸ್ ಆದಮೇಲೆ ಅಪಿಯರ್: ಅದು ಶುರುವಾಗೋದೇ ಎ ಇಂದ, ಇನ್ನೊಂದು ಎಸ್ ಎಲ್ಲಿಂದ ಬರಬೇಕು? ಮಿಸ್‌ನ ಕೊನೆಗೊಂದು ಎಸ್, ಸ್ಪೆಲ್‌ನ ಮೊದಲಿಗೊಂದು, ಎರಡಾಯ್ತು. ಅನ್‌ನೆಸೆಸರಿಗೂ ಹೀಗೇ ಎರಡು ಎನ್. (ಒಳಗಿನ ಒಂದು ಸಿ, ಎರಡು ಎಸ್ ಮೂಲಪದದ ತಲೆನೋವು.)

ಕಿವಿ ನಂಬಿದರೆ ಕೆಟ್ಟಿತು. ಕನ್ನಡದಲ್ಲಿ ಹಳಿ ಬೇರೆ, ಹಳ್ಳಿ ಬೇರೆ, ಒತ್ತು ಕೇಳಿಸುತ್ತೆ. ಮಿಸ್‌ಸ್ಪೆಲ್‌ನ ಎರಡನೇ ಎಸ್ ಕೇಳಿಸೋದಿಲ್ಲ.

ಉತ್ತರ 2:
ಇಷ್ಟೇ ಹೇಳಿಕೊಟ್ಟರೆ ಮಕ್ಕಳು ‘ಇನ್‌ಲೀಗಲ್’ ಅಂತ ಬರೀತಾರೆ! ‘ಇನ್’ ಸೇರುವಾಗ ಮೂಲಪದ ಹಾಗೇ ಇರುತ್ತೆ, ಪ್ರಿಫಿಕ್ಸೇ ವೇಷ ಬದಲಿಸುತ್ತೆ. ಮುಂದೆ ಎಲ್ ಇದ್ದರೆ ಅದರ ಎನ್ ಕೂಡ ಎಲ್ ಆಗುತ್ತೆ (ಇಲ್ಲೀಗಲ್), ಆರ್ ಇದ್ದರೆ ಆರ್ (ಇರ್ರೆಗ್ಯುಲರ್), ಪಿ, ಬಿ, ಎಂ ಇದ್ದರೆ ಎಂ (ಇಂಪಾಸಿಬಲ್, ಇಂಬ್ಯಾಲೆನ್ಸ್, ಇಮ್ಮೆಚೂರ್). ಉತ್ ಮತ್ತು ಲೇಖ ಸೇರಿ ಉಲ್ಲೇಖ ಆಗುತ್ತಲ್ಲ, ಅದೇ ಕಥೆ. ಸಂಧಿ ಕಲಿತ ಮಕ್ಕಳಿಗೆ ಇದನ್ನೇ ತೋರಿಸಿ, ತಟ್ಟನೆ ಹಿಡೀತಾರೆ.

ಇದು ಲ್ಯಾಟಿನ್‌ನಿಂದ ಬಂದ ಚಾಳಿ. ‘ಅನ್’ ಇಂಗ್ಲಿಷಿನ ಸ್ವಂತದ್ದು, ಅದು ಜಪ್ಪಯ್ಯ ಅಂದರೂ ಬದಲಾಗಲ್ಲ: ಅನ್‌ಲಾಫುಲ್, ಅನ್‌ರಿಯಲ್, ಅನ್‌ಪೇಯ್ಡ್.

ಅಕಾಮಡೇಟ್ ಕಾಡೋದೂ ಇದರಿಂದಲೇ. ‘ಆಡ್’ ಅನ್ನೋ ಲ್ಯಾಟಿನ್ ಪ್ರಿಫಿಕ್ಸ್‌ನ ಡಿ ಮುಂದಿನ ಸಿಗೆ ಸೋತು ತಾನೂ ಸಿ ಆಗಿದೆ, ಆಮೇಲೆ ‘ಕಾಮ್’ ಬೇರೆ ಇದೆ, ಅದರ ಎಂ ಆದಮೇಲೆ ಮೂಲಪದದ ಎಂ. ಹಾಗಾಗಿ ಎರಡು ಸಿ, ಎರಡು ಎಂ. ರೆಕಮೆಂಡ್ ಬರೀ ರೀ, ಕಮೆಂಡ್, ಸಿ ಒಂದೇ.

ಉತ್ತರ 3:
ಅಕ್ಷರ ಬೀಳೋದೇ ಇಲ್ಲ ಅನ್ನಬೇಡಿ. ‘ಆಲ್’ ಪದದ ತಲೆಗೆ ಅಂಟಿದರೆ ಒಂದು ಎಲ್ ಕಳ್ಕೊಳ್ಳುತ್ತೆ: ಆಲ್ರೆಡಿ, ಆಲ್ಮೋಸ್ಟ್, ಆಲ್ಟುಗೆದರ್.

ಹೈಫನ್ ಕಡೆಗೂ ಕಣ್ಣಿರಲಿ. ರಿಸೈನ್ ಅಂದ್ರೆ ರಾಜೀನಾಮೆ. ನಡುವೆ ಹೈಫನ್ ಹಾಕಿದರೆ ಮತ್ತೆ ಸಹಿ ಹಾಕೋದು. ಎರಡೂ ಸರಿಯಾದ ಪದಗಳೇ ಆದ್ದರಿಂದ ಸ್ಪೆಲ್‌ಚೆಕ್ ಕೆಂಪು ಗೆರೆ ಎಳೆಯೋದಿಲ್ಲ.

ಪ್ರಶ್ನೆ ಕೇಳಿದವರು:
ಹಾಗಾದ್ರೆ ವಿತ್‌ಹೋಲ್ಡ್‌ಗೆ ಎರಡು ಎಚ್. ಥ್ರೆಶೋಲ್ಡ್‌ಗೂ ಎರಡಾ?

ಉತ್ತರ 1:
ಇಲ್ಲ, ಎಸ್ ಆದಮೇಲೆ ಒಂದೇ ಎಚ್. ಅಲ್ಲಿ ‘ಹೋಲ್ಡ್’ ಅನ್ನೋ ಪದ ಸೇರಿಯೇ ಇಲ್ಲ.