ಸಂಚಾರಿ ವಿಜ್ಞಾನ ಬಸ್ಸು ಹಳ್ಳಿ ಶಾಲೆಗೆ ಬರಬೇಕಾದರೆ ಏನು ಮಾಡಬೇಕು? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಪಾವಗಡ ಕಡೆಯ ಒಂದು ಹಳ್ಳಿ ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಫೆಬ್ರವರಿ 28, ರಾಷ್ಟ್ರೀಯ ವಿಜ್ಞಾನ ದಿನ ಬಂತೆಂದರೆ ನಮ್ಮಲ್ಲಿ ಅದೇ ಭಾಷಣ, ಅದೇ ಸಿ.ವಿ. ರಾಮನ್ ಫೋಟೋಗೆ ಹಾರ. 1928ರಲ್ಲಿ ಅವರು ಬೆಳಕಿನಲ್ಲಿ ಕಂಡಿದ್ದೇನು ಅಂತ ಕೇಳಿದರೆ ಮಕ್ಕಳು ಸುಮ್ನೆ ಮುಖ ನೋಡ್ತಾರೆ. ತಪ್ಪು ಅವರದ್ದಲ್ಲ ಬಿಡಿ.

ಹೋದ ವರ್ಷ ಹತ್ತನೇ ತರಗತಿಯವರನ್ನು ಬೆಂಗಳೂರಿಗೆ, ಕಸ್ತೂರ್‌ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗಿದ್ದೆ. ರೈಟ್ ಸಹೋದರರ ವಿಮಾನದ ಮಾದರಿ ಮುಂದೆ ನಿಂತವರು ಊಟಕ್ಕೂ ಕದಲಲಿಲ್ಲ! ಆದರೆ ಬಸ್ ಬಾಡಿಗೆ ಜಾಸ್ತಿ. ಎಂಟು, ಒಂಬತ್ತನೆಯವರು ಊರಲ್ಲೇ ಉಳಿದರು. ಮಾದರಿಗಳನ್ನು ಬಸ್ಸಿನಲ್ಲಿಟ್ಟುಕೊಂಡು ಹಳ್ಳಿಗಳಿಗೇ ಬರುವ ಸಂಚಾರಿ ಪ್ರದರ್ಶನವೂ ಇದೆ ಅಂತ ಆಮೇಲೆ ಗೊತ್ತಾಯಿತು.

ಮುಖ್ಯೋಪಾಧ್ಯಾಯರ ಸಹಿ ಹಾಕಿಸಿ ಒಂದು ಕಚೇರಿಗೆ ಪತ್ರ ಕಳಿಸಿದೆ, ಉತ್ತರವಿಲ್ಲ. ಇನ್ನೊಂದು ಕಡೆ ಫೋನ್ ಮಾಡಿದರೆ "ಇಲಾಖೆ ಮೂಲಕ ಬನ್ನಿ" ಅಂದರು. ಇಲಾಖೆಯಲ್ಲಿ ಕೇಳಿದರೆ "ನೀವೇ ನೇರವಾಗಿ ಬರೀರಿ" ಅಂದರು. ಚೆಂಡಾಟ ಅಂದ್ರೆ ಇದೇ ಅಲ್ವಾ? ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ಜಿಲ್ಲಾ ಸಮಿತಿಯವರನ್ನು ಹಿಡಿದರೆ ಕೆಲಸ ಆಗಬಹುದು ಅಂತ ಸಹೋದ್ಯೋಗಿಯೊಬ್ಬರು ಹೇಳಿದ್ದಾರೆ.

ನಿಮ್ಮ ಶಾಲೆಗೆ ಈ ಬಸ್ಸು ಬಂದಿದ್ದರೆ ದಯವಿಟ್ಟು ತಿಳಿಸಿ: ಪತ್ರ ಶಾಲೆಯಿಂದಲೇ ಹೋಗಬೇಕಾ, ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದಲಾ? ಎಷ್ಟು ತಿಂಗಳು ಮೊದಲೇ ಕೇಳಬೇಕು?