‘ನಾನು’ ಅಂದವರು ಯಾರು?

ಶನಿವಾರ ರಾತ್ರಿ ಫೋನ್ ಕೈಗೆತ್ತಿಕೊಂಡಾಗ ಮನೆಯವರ ಗುಂಪಿನಲ್ಲಿ 64 ಮೆಸೇಜ್ ಕಾದಿದ್ದವು. ಎಲ್ಲ ಶುರುವಾಗಿದ್ದು ಚಿಕ್ಕಮ್ಮ ಕಳಿಸಿದ ಒಂದು ಫಾರ್ವರ್ಡ್‌ನಿಂದ. ವಿಷಯ ಜ್ಞಾನಸ್ನಾನ, ಅಂದರೆ ನೀರು ಹಾಕಿ ಒಬ್ಬರನ್ನು ಕ್ರೈಸ್ತರಾಗಿಸುವ ಸಂಸ್ಕಾರ.

"ಎಚ್ಚರಿಕೆ!! ವ್ಯಾಟಿಕನ್ ಸಾವಿರಾರು ಜನರ ಜ್ಞಾನಸ್ನಾನ ರದ್ದು ಮಾಡಿದೆ. ಕಾರಣ ಒಂದೇ ಒಂದು ಪದ! ನಿಮ್ಮ ಜ್ಞಾನಸ್ನಾನ ನಿಜವಾಗಿ ಆಗಿದೆಯೇ? ಎಲ್ಲ ಕಥೋಲಿಕರಿಗೂ ತಲುಪಿಸಿ."

ಕೆಳಗೆ ಚಿಕ್ಕಮ್ಮನದೇ ಮಾತು: "ಯಾಕೋ ಭಯ ಆಗ್ತಿದೆ. ನಮ್ಮೆಲ್ಲರದ್ದೂ ಸರಿ ಇದೆ ಅಲ್ವಾ?"

ತಂಗಿ ಕೂಡಲೇ ಬಂದಳು. "ಮೂಲ ಎಲ್ಲಿ? ಯಾರು ಹೇಳಿದ್ದು? ಯಾವ ವರ್ಷ? ಯಾವ ಪದ? ಯಾರೂ ಓದೋದೇ ಇಲ್ಲ, ಸುಮ್ನೆ ಕಳಿಸ್ತೀರಿ."

ದೊಡ್ಡಪ್ಪ: "ಈಗಿನವರಿಗೆ ಮೂಲ ಬೇಕು, ಲಿಂಕ್ ಬೇಕು. ನಂಬಿಕೆ ಮಾತ್ರ ಬೇಡ. ಬಲಿಪೂಜೆಯಲ್ಲಿ ಪರಮಪ್ರಸಾದ ಎತ್ತಿ ಹಿಡಿಯುವ ಹೊತ್ತಿಗೂ ಫೋನ್ ನೋಡುವವರನ್ನು ಕಣ್ಣಾರೆ ಕಂಡಿದ್ದೇನೆ."

"ಎತ್ತಿ ಹಿಡಿಯೋದು ಅಂದ ಕೂಡಲೇ ಆ ಗಂಟೆ ನೆನಪಾಯ್ತು!" ಇದು ಅತ್ತೆಯ ಮಗ. ಬಲಿಪೂಜೆ ಅಂದರೆ ಚರ್ಚಿನ ಮುಖ್ಯ ಆರಾಧನೆ. ಅದರಲ್ಲಿ ಗುರುಗಳು ಪರಮಪ್ರಸಾದವನ್ನು, ಅಂದರೆ ಕ್ರಿಸ್ತರ ಶರೀರವಾದ ರೊಟ್ಟಿಯನ್ನು, ಎತ್ತಿ ಹಿಡಿದಾಗ ಗಂಟೆ ಬಾರಿಸುತ್ತಾರೆ. ಗುರುಗಳಿಗೆ ನೆರವಾಗುವ ಬಲಿಪೀಠದ ಹುಡುಗನಾಗಿದ್ದಾಗ ಅವನು ಗಂಟೆಯನ್ನು ಮೊದಲೇ ಬಾರಿಸಿ ಇಡೀ ಚರ್ಚು ಮೊಣಕಾಲೂರಿದ ಕಥೆ. ಬಾರಿಸಿದ್ದು ಅವನಲ್ಲ, ತಾನು ಅಂತ ಅವನ ತಮ್ಮನ ವಾದ. ಮೂರು ಹಳೆಯ ಫೋಟೊ ಬಂದವು. ಹನ್ನೆರಡು ಮೆಸೇಜ್ ಅದರಲ್ಲೇ ಹೋಯಿತು.

ಆಮೇಲೆ ದೊಡ್ಡಪ್ಪ ಬರೆದರು: "ರದ್ದು ಮಾಡುವುದಾದರೆ ನಮ್ಮಲ್ಲಿದ್ದ ಆ ಸ್ವಾಮಿ ಕೊಟ್ಟದ್ದನ್ನೆಲ್ಲ ಮೊದಲು ಮಾಡಲಿ. ಬಾಯಿ ತೆರೆದರೆ ಹೆಂಡದ ವಾಸನೆ."

ಅಲ್ಲಿಗೆ ಎಲ್ಲರೂ ಎಚ್ಚರವಾದರು. ಆ ಗುರುಗಳು ನಮ್ಮ ಅಜ್ಜನ ಅಂತ್ಯಕ್ರಿಯೆಗೆ ಎರಡು ಗಂಟೆ ತಡವಾಗಿ ಬಂದಿದ್ದರು. ದೊಡ್ಡಪ್ಪ ಅದನ್ನು ಮರೆತಿಲ್ಲ. ಮುಂದಿನ ತಿಂಗಳು ಅದೇ ಗುರುಗಳು ನನಗೆ ಜ್ಞಾನಸ್ನಾನ ಕೊಟ್ಟರು. ದೊಡ್ಡಪ್ಪ ಬರಲಿಲ್ಲ.

ಚಿಕ್ಕಪ್ಪ ಬಿಡಲಿಲ್ಲ: "ಮಗುವಿನ ನಂಬಿಕೆಗೆ ಹೊಣೆಯಾಗಿ, ಜ್ಞಾನತಂದೆಯಾಗಿ ನಿಲ್ಲಬೇಕಿದ್ದವರು ನೀವು. ಮಗುವಿನ ದಿನ ನಿಮ್ಮ ಸಿಟ್ಟು ದೊಡ್ಡದಾಯ್ತು. ಕೊನೆಗೆ ನಾನು ನಿಂತೆ. ಈಗ ಆ ಜ್ಞಾನಸ್ನಾನವೇ ಸುಳ್ಳು ಅಂತೀರಾ?"

"ನಾನು ಯಾರ ಹೆಸರೂ ಹೇಳಿಲ್ಲ."

"ಹೇಳಬೇಕಾಗಿಲ್ಲ."

ಇಷ್ಟೆಲ್ಲ ಆದರೂ ಆ ‘ಒಂದು ಪದ’ ಯಾವುದು ಅಂತ ತಂಗಿ ಬಿಟ್ಟು ಯಾರೂ ಕೇಳಿರಲಿಲ್ಲ. ಅವಳ ಪ್ರಶ್ನೆಗೆ ಉತ್ತರವೂ ಬಂದಿರಲಿಲ್ಲ. ನನಗೆ ಗೊತ್ತಿತ್ತು. ಕೂತು ಬರೆದೆ.

"ವಿಷಯ ನಿಜ, ಆದರೆ ‘ರದ್ದು’ ಅನ್ನೋದು ತಪ್ಪು. 2020ರ ಆಗಸ್ಟ್ 6ರಂದು ವ್ಯಾಟಿಕನ್ನಿನ ವಿಶ್ವಾಸ ಸಿದ್ಧಾಂತದ ಕಚೇರಿ ಒಂದು ಪ್ರಶ್ನೆಗೆ ಉತ್ತರ ಕೊಟ್ಟಿತು. ಕೆಲವು ಕಡೆ ‘ನಾನು ನಿನಗೆ ಜ್ಞಾನಸ್ನಾನ ಕೊಡುತ್ತೇನೆ’ ಅನ್ನುವ ಬದಲು ‘ನಾವು ಕೊಡುತ್ತೇವೆ’ ಅನ್ನುತ್ತಿದ್ದರು. ತಂದೆ, ತಾಯಿ, ನೆಂಟರು, ಇಡೀ ಸಮುದಾಯ ಸೇರಿ ಕೊಡುತ್ತಿದ್ದೇವೆ ಅಂತ. ಕೇಳೋಕೆ ಚೆನ್ನಾಗಿದೆ. ಆದರೆ ಹಾಗೆ ಕೊಟ್ಟದ್ದು ಜ್ಞಾನಸ್ನಾನ ಅಲ್ಲ ಅಂತ ಉತ್ತರ ಬಂತು. ಆಗಿದ್ದನ್ನು ಅಳಿಸಿದ್ದಲ್ಲ, ಆಗಿಯೇ ಇಲ್ಲ ಅಂದದ್ದು. ಅಮೆರಿಕದ ಡೆಟ್ರಾಯಿಟ್‌ನಲ್ಲಿ ಒಬ್ಬ ಗುರು ತಮ್ಮ ಜ್ಞಾನಸ್ನಾನದ ಹಳೆಯ ವಿಡಿಯೊ ನೋಡಿದರು. ಅದರಲ್ಲಿ ‘ನಾವು’ ಅಂತ ಇತ್ತು. ಜ್ಞಾನಸ್ನಾನವೇ ಇಲ್ಲ ಅಂದ ಮೇಲೆ ಗುರುದೀಕ್ಷೆಯೂ ಇಲ್ಲ. ಅದೇ ಆಗಸ್ಟ್‌ನಲ್ಲಿ ಮೊದಲಿಂದ ಎಲ್ಲ ಸಂಸ್ಕಾರ ಪಡೆದು ಮತ್ತೆ ಗುರುವಾದರು. 2022ರಲ್ಲಿ ಫೀನಿಕ್ಸ್‌ನ ಒಬ್ಬ ಗುರು ವರ್ಷಗಟ್ಟಲೆ ‘ನಾವು’ ಅಂತಲೇ ಹೇಳಿದ್ದರು ಅಂತ ಗೊತ್ತಾಗಿ ರಾಜೀನಾಮೆ ಕೊಟ್ಟರು. ‘ಸಾವಿರಾರು’ ಬಂದದ್ದು ಅಲ್ಲಿಂದ. ಚಿಕ್ಕಮ್ಮ, ನಮ್ಮದಕ್ಕೂ ಇದಕ್ಕೂ ಸಂಬಂಧ ಇಲ್ಲ. ನಿಶ್ಚಿಂತೆಯಿಂದ ಮಲಗಿ."

ಚಿಕ್ಕಮ್ಮ ಕೈ ಮುಗಿದ ಚಿತ್ರ ಹಾಕಿದರು. ಪೂರ್ತಿ ಓದಿದರೋ ಇಲ್ಲವೋ.

ತಂಗಿ ಓದಿದ್ದಳು. "ಒಂದು ಪದಕ್ಕೆ ಇಷ್ಟೊಂದಾ? ಇದು ದೇವರ ವಿಷಯವಾ, ಪಾಸ್‌ವರ್ಡ್ ವಿಷಯವಾ? ಗ್ರೀಕರಂಥ ಪೂರ್ವದ ಚರ್ಚುಗಳಲ್ಲಿ ‘ದೇವರ ಸೇವಕನು ಜ್ಞಾನಸ್ನಾನ ಹೊಂದುತ್ತಾನೆ’ ಅಂತಾರೆ. ಅಲ್ಲಿ ‘ನಾನು’ ಇಲ್ಲವೇ ಇಲ್ಲ. ಅದನ್ನು ಒಪ್ಪುತ್ತಾರೆ, ಇದನ್ನು ಯಾಕಿಲ್ಲ?"

ಈ ಪ್ರಶ್ನೆ ನನಗೆ ಖುಷಿ ಕೊಟ್ಟಿತು. ಇಡೀ ರಾತ್ರಿಯಲ್ಲಿ ವಿಷಯಕ್ಕೆ ಕೈಹಾಕಿದವಳು ಅವಳೊಬ್ಬಳೇ. ಪೂರ್ವದವರ ಮಾತಿನಲ್ಲಿ ‘ನಾನು’ ಇಲ್ಲ, ಸರಿ. ಆದರೆ ಕೊಡುವವರ ಜಾಗದಲ್ಲಿ ಬೇರೆ ಯಾರನ್ನೂ ತಂದು ಕೂರಿಸಿಲ್ಲ. ‘ನಾವು’ ಅಂದಾಗ ಆಗುವುದು ಅದೇ. ಅಲ್ಲಿಗೆ ನಮ್ಮ ಒಗ್ಗಟ್ಟು ಬಂದು ಕೂರುತ್ತದೆ. ಹಾಗಾದರೆ ‘ನಾನು’ ಅನ್ನುವವರು ಯಾರು? ಫಾದರ್ ಅಲ್ಲ. ಬಲಿಪೂಜೆಯಲ್ಲಿ ಅವರು ರೊಟ್ಟಿ ಹಿಡಿದು ‘ಇದು ಕ್ರಿಸ್ತರ ಶರೀರವಾಗಲಿ’ ಅಂತ ಹೇಳಿ ನಿಲ್ಲಿಸುವುದಿಲ್ಲ. ‘ಇದು ನನ್ನ ಶರೀರ’ ಅನ್ನುತ್ತಾರೆ. ಪಾಪನಿವೇದನೆಯಲ್ಲಿ ‘ನಾನು ನಿನ್ನ ಪಾಪಗಳನ್ನು ಕ್ಷಮಿಸುತ್ತೇನೆ’ ಅನ್ನುತ್ತಾರೆ. ಆ ‘ನನ್ನ’, ಆ ‘ನಾನು’ ಅವರದಾಗಿದ್ದರೆ ಅದಕ್ಕಿಂತ ದೊಡ್ಡ ಸೊಕ್ಕು ಇನ್ನೊಂದಿಲ್ಲ. ಅದು ಅವರದಲ್ಲ. ಬಾಯಿ ಮಾತ್ರ ಅವರದು.

ಇದನ್ನೇ ಬರೆದೆ. ಜೊತೆಗೆ ಜಗತ್ತಿನ ಬಿಷಪ್ಪರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ ಹೇಳಿದ್ದನ್ನೂ ಸೇರಿಸಿದೆ. ಆರಾಧನಾವಿಧಿಯ ಬಗ್ಗೆ 1963ರ ಡಿಸೆಂಬರ್ 4ರಂದು ಹೊರಟ ದಸ್ತಾವೇಜು ಅದು. ಕ್ರಿಸ್ತರು ಬಲಿಪೂಜೆಯಲ್ಲಿ ಇದ್ದಾರೆ, ಪೂಜೆ ಅರ್ಪಿಸುವ ಗುರುವಿನಲ್ಲಿ ಇದ್ದಾರೆ, ಎಲ್ಲಕ್ಕಿಂತ ಹೆಚ್ಚಾಗಿ ಪರಮಪ್ರಸಾದದಲ್ಲಿ ಇದ್ದಾರೆ. ಸಂಸ್ಕಾರಗಳಲ್ಲಿ ಇದ್ದಾರೆ. ಚರ್ಚಿನಲ್ಲಿ ಬೈಬಲ್ ಓದುವಾಗ ಮಾತಾಡುವವರು ಅವರೇ. ಇಬ್ಬರೋ ಮೂವರೋ ಸೇರಿ ಪ್ರಾರ್ಥಿಸುವಾಗಲೂ ಅವರು ಅಲ್ಲೇ. ಎರಡು ವರ್ಷದ ನಂತರ ಜಗದ್ಗುರು, ಅಂದರೆ ಪೋಪ್, ಆರನೇ ಪೌಲರು ಇನ್ನೊಂದು ಮಾತು ಸೇರಿಸಿದರು. ಪರಮಪ್ರಸಾದದಲ್ಲಿನ ಇರುವಿಕೆಯನ್ನು ‘ನಿಜವಾದದ್ದು’ ಅಂತ ಕರೆದರೆ ಉಳಿದವು ಸುಳ್ಳು ಅಂತಲ್ಲ. ಅಲ್ಲಿ ಕ್ರಿಸ್ತರು ಪೂರ್ತಿಯಾಗಿ, ದೇವರಾಗಿ, ಮನುಷ್ಯರಾಗಿ ಇದ್ದಾರೆ ಅನ್ನುವುದಕ್ಕೆ ಆ ಹೆಸರು.

ದೊಡ್ಡಪ್ಪ: "ಗುರುವಿನಲ್ಲಿ ಇದ್ದಾರಂತೆ. ಕುಡುಕನಲ್ಲೂ ಇರ್ತಾರಾ?"

ಬೇಕಂತಲೇ ಕೇಳಿದರು. ಆದರೆ ಇದು ಹಳೆಯ ಪ್ರಶ್ನೆ, ಇದಕ್ಕಾಗಿ ಉತ್ತರ ಆಫ್ರಿಕದ ಚರ್ಚು ಇಬ್ಭಾಗವೇ ಆಗಿತ್ತು. 303ರಲ್ಲಿ ಡಯೋಕ್ಲೀಷಿಯನ್ ಚಕ್ರವರ್ತಿಯ ಹಿಂಸೆ ಶುರುವಾದಾಗ ಹೆದರಿ ಪವಿತ್ರ ಗ್ರಂಥಗಳನ್ನು ಅಧಿಕಾರಿಗಳ ಕೈಗೆ ಕೊಟ್ಟ ಗುರುಗಳಿದ್ದರು. ಅಂಥವರ ಕೈಯ ಸಂಸ್ಕಾರ ನಡೆಯುವುದಿಲ್ಲ ಅಂದರು ಡೊನಾಟಿಸ್ಟರು. ಅವರ ಸಿಟ್ಟಿಗೂ ಕಾರಣ ಇತ್ತು, ಗ್ರಂಥ ಕೊಡದೆ ಆ ಹಿಂಸೆಯಲ್ಲಿ ಸತ್ತವರಿದ್ದರು. ಅದೇ ಉತ್ತರ ಆಫ್ರಿಕದ ಬಿಷಪ್ ಸಂತ ಅಗಸ್ಟೀನರು ಅವರಿಗೆ ಕೊಟ್ಟ ಉತ್ತರವನ್ನೇ ದೊಡ್ಡಪ್ಪನಿಗೆ ಕಳಿಸಿದೆ: ಪೇತ್ರ ಕೊಟ್ಟರೂ ಜ್ಞಾನಸ್ನಾನ ಕೊಡುವವರು ಕ್ರಿಸ್ತರು, ಯೂದ ಕೊಟ್ಟರೂ ಕೊಡುವವರು ಕ್ರಿಸ್ತರು. ಪೇತ್ರ ಕ್ರಿಸ್ತರ ಹಿರಿಯ ಶಿಷ್ಯ, ಯೂದ ಅವರನ್ನು ಹಿಡಿದುಕೊಟ್ಟವನು.

"ದೊಡ್ಡಪ್ಪ, ಅಜ್ಜನ ದಿನ ಅವರು ತಡ ಮಾಡಿದ್ದು ತಪ್ಪೇ. ಅದನ್ನು ನಾನು ಸರಿ ಅನ್ನೋದಿಲ್ಲ. ಆದರೆ ನನ್ನ ಜ್ಞಾನಸ್ನಾನ ಅವರ ಒಳ್ಳೆಯತನದ ಮೇಲೆ ನಿಂತಿಲ್ಲ. ನಿಂತಿದ್ದರೆ ನಮ್ಮಲ್ಲಿ ಯಾರಿಗೂ ಒಂದು ದಿನ ನೆಮ್ಮದಿ ಇರುತ್ತಿರಲಿಲ್ಲ."

ನೀಲಿ ಗುರುತು ಬಂತು. ಉತ್ತರ ಬರಲಿಲ್ಲ. ಅತ್ತೆಯ ಮಗ ಮಧ್ಯದಲ್ಲಿ ಗಂಟೆಯ ಇನ್ನೊಂದು ಫೋಟೊ ಹಾಕಿದ.

ಆಮೇಲೆ ಅಮ್ಮನ ಧ್ವನಿ ಸಂದೇಶ ಬಂತು. ಅಮ್ಮ ಈ ಗುಂಪಿನಲ್ಲಿ ಹುಟ್ಟುಹಬ್ಬದ ಶುಭಾಶಯ ಬಿಟ್ಟು ಏನೂ ಹಾಕುವವರಲ್ಲ. ತಂಗಿ ಏಳನೇ ತಿಂಗಳಿಗೇ ಹುಟ್ಟಿದ್ದು, ಆಸ್ಪತ್ರೆಯಲ್ಲೇ ಅವಳಿಗೆ ತುರ್ತು ಜ್ಞಾನಸ್ನಾನ ಆದದ್ದು ನಮಗೆ ಗೊತ್ತಿತ್ತು. ಫಾದರ್ ಬಂದು ಕೊಟ್ಟರು ಅಂದುಕೊಂಡಿದ್ದೆವು. ಮನೆಯ ಆಲ್ಬಮ್ಮಿನಲ್ಲಿ ಅವಳು ದೊಡ್ಡದಾದ ಮೇಲೆ ಚರ್ಚಿನಲ್ಲಿ ತೆಗೆದ ಚಿತ್ರಗಳಿವೆ. ಎಣ್ಣೆ ಹಚ್ಚುವುದು, ಬಿಳಿ ಬಟ್ಟೆ, ಮೇಣದಬತ್ತಿ. ನೀರು ಹಾಕುವ ಚಿತ್ರ ಮಾತ್ರ ಇಲ್ಲ. ಒಮ್ಮೆ ಆದದ್ದನ್ನು ಎರಡನೇ ಸಲ ಮಾಡುವುದಿಲ್ಲವಲ್ಲ.

ಅಮ್ಮನ ಮಾತನ್ನು ಹಾಗೇ ಬರೆಯುತ್ತೇನೆ.

"ನಿಮ್ಮಪ್ಪ ಫಾದರ್ ಕರೆಯೋಕೆ ಹೋಗಿದ್ದರು. ಮಗು ನೀಲಿ ಆಗ್ತಾ ಬಂತು. ಆ ಗಾಜಿನ ಪೆಟ್ಟಿಗೆಯೊಳಗೆ ನನ್ನ ಕೈ ಹಾಕೋ ಹಾಗಿರಲಿಲ್ಲ. ಡ್ರಿಪ್ ಬೇರೆ ಇತ್ತು. ಅಲ್ಲಿದ್ದ ನರ್ಸಮ್ಮನನ್ನು ಕೇಳಿದೆ. ಆಕೆ ಕ್ರೈಸ್ತರಲ್ಲ. ಏನು ಮಾಡಬೇಕು ಹೇಳಿ, ಹಾಗೇ ಮಾಡ್ತೀನಿ ಅಂದರು. ಮೂರು ಸಲ ನೀರು, ಪಿತನ ಸುತನ ಪವಿತ್ರಾತ್ಮರ ನಾಮದಲ್ಲಿ ನಾನು ನಿನಗೆ ಜ್ಞಾನಸ್ನಾನ ಕೊಡುತ್ತೇನೆ, ಅಷ್ಟೇ ಅಂದೆ. ಆಕೆ ಸ್ವಲ್ಪ ತಡೆದರು. ‘ನಾನು ಅಂತ ನಾನು ಹೇಳಬಹುದಾ?’ ಅಂತ ಕೇಳಿದರು. ಹೇಳಿ ಅಂದೆ. ಹೇಳಿದರು. ಆಮೇಲೆ ನಿಮ್ಮಪ್ಪ, ಫಾದರ್ ಬಂದರು. ಅಷ್ಟೊತ್ತಿಗೆ ಆಗಿ ಹೋಗಿತ್ತು."

ಗುಂಪು ತಣ್ಣಗಾಯಿತು.

ಚಿಕ್ಕಮ್ಮನಿಗೆ ಮತ್ತೆ ಭಯ ಬರಬಾರದು ಅಂತ ನಾನೇ ಬರೆದೆ. ಸಾವಿನ ಅಂಚಿನಲ್ಲಿ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು. ತಾನು ಜ್ಞಾನಸ್ನಾನ ಪಡೆಯದವರೂ ಕೊಡಬಹುದು. ನೀರು ಬೇಕು, ಆ ಮಾತು ಬೇಕು, ಧರ್ಮಸಭೆ, ಅಂದರೆ ಚರ್ಚು, ಏನು ಮಾಡುತ್ತದೋ ಅದನ್ನೇ ಮಾಡುವ ಮನಸ್ಸು ಬೇಕು. 1439ರಲ್ಲಿ ಫ್ಲಾರೆನ್ಸ್ ಮಹಾಸಭೆಯೂ ಇದನ್ನೇ ಹೇಳಿದೆ. ಆ ನರ್ಸಮ್ಮ ತಡೆದು ಕೇಳಿದ್ದು ಸರಿಯಾದ ಜಾಗದಲ್ಲೇ ಅಂತಲೂ ಬರೆದೆ. ಆ ‘ನಾನು’ ತನ್ನದಲ್ಲ ಅಂತ ಆಕೆಗೆ ಹೇಗೋ ಅನಿಸಿತ್ತು.

ದೊಡ್ಡಪ್ಪ ತಮ್ಮ ಹೆಂಡದ ಮಾತನ್ನು ಅಳಿಸಿದರು. ಕ್ಷಮೆ ಕೇಳಲಿಲ್ಲ. ಚಿಕ್ಕಪ್ಪನೂ ಮತ್ತೆ ಕೆದಕಲಿಲ್ಲ.

ಹನ್ನೊಂದೂವರೆಗೆ ತಂಗಿ ಬರೆದಳು. ಈ ಸಲ ಮೂಲ ಕೇಳಲಿಲ್ಲ.

"ಅಮ್ಮಾ, ನೀರು ತುಂಬ ತಣ್ಣಗಿತ್ತಾ?"

ಅಮ್ಮ ಟೈಪ್ ಮಾಡಿಯೇ ಉತ್ತರ ಕೊಟ್ಟರು.

"ಇಲ್ಲ ಮಗಾ. ಸಿರಿಂಜಿಗೆ ನೀರು ತಗೊಂಡು, ಅದನ್ನ ಮುಷ್ಟೀಲಿ ಹಿಡ್ಕೊಂಡು ಬೆಚ್ಚಗೆ ಮಾಡಿ ಆಮೇಲೆ ಹಾಕಿದರು."